ಬರದ ನಾಡಿನ ವಕೀಲರು: ಶರಣ ಫ.ಗು. ಹಳಕಟ್ಟಿ

ಪ್ರತಿ ವರ್ಷ ಜುಲೈ 2ರಂದು ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಜಯಂತಿಯನ್ನು ನಾವೆಲ್ಲರೂ ಭಕ್ತಿಯಿಂದ ಆಚರಿಸುತ್ತೇವೆ. ರಾಜ್ಯ ಸರ್ಕಾರವೂ ಆ ದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಗುರುತಿಸಿದೆ. ಭಾವಚಿತ್ರಕ್ಕೆ ಪುಷ್ಪಮಾಲೆ, ವಚನಗಾಯನ, ಉಪನ್ಯಾಸ, ಪ್ರಸಾದ ಎಲ್ಲವೂ ಕ್ರಮದಂತೆ ನಡೆಯುತ್ತವೆ. ಉಪನ್ಯಾಸದಲ್ಲಿ ತಾಡೋಲೆಗಳ ಕಥೆ ಬರುತ್ತದೆ, ಮುದ್ರಣಾಲಯಕ್ಕಾಗಿ ಮನೆ ಮಾರಿದ ಕಥೆ ಬರುತ್ತದೆ. ಆ ಮಹನೀಯರು ಒಂದು ಬ್ಯಾಂಕು ಕಟ್ಟಿದ್ದು, ಬರನಿವಾರಣೆಗೆ ಸಂಘ ಮಾಡಿದ್ದು, ಮುಂಬಯಿ ಶಾಸನಸಭೆಯಲ್ಲಿ ಕುಳಿತದ್ದು ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ.

ಕಲಘಟಗಿ ತಾಲೂಕಿನ ದುಮ್ಮವಾಡ ಹಾಗೂ ಸುತ್ತಲಿನ ಗ್ರಾಮಗಳ ಭಕ್ತರಿಗೆ ಈ ಎರಡನೆಯ ಭಾಗವೇ ಇಂದು ಹೆಚ್ಚು ಬೇಕಾಗಿದೆ ಎಂದು ನಮಗೆ ತೋರುತ್ತದೆ. ಗೋವಿನಜೋಳದ ಅಥವಾ ಸೋಯಾ ಅವರೆಯ ಧಾರಣೆ ಕುಸಿದಾಗ, ಹತ್ತಿಗೆ ಬೆಲೆ ಸಿಗದಿದ್ದಾಗ, ಊರಿನ ಕಟ್ಟೆಯ ಮೇಲೆ ಕೇಳಿಬರುವ ಪ್ರಶ್ನೆ ಒಂದೇ. ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಆಗುವ ನಿರ್ಣಯಕ್ಕೆ ನಾಲ್ಕು ಎಕರೆಯ ಒಕ್ಕಲಿಗನು ಏನು ಮಾಡಬಲ್ಲನು ಎಂಬುದೇ ಆ ಪ್ರಶ್ನೆ. ಹಳಕಟ್ಟಿಯವರ ಬದುಕು ಅದಕ್ಕೆ ಕೊಟ್ಟ ಉತ್ತರ ದೀರ್ಘವಾದುದು, ಅಲ್ಲಲ್ಲಿ ಅಪೂರ್ಣವೂ ಆದುದು. ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಜನಿಸಿದ್ದು ನಮ್ಮ ಧಾರವಾಡದಲ್ಲಿಯೇ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ಅವರು ಜನಿಸುವ ಎರಡು ವರ್ಷ ಮೊದಲಷ್ಟೇ 1876ರಿಂದ 1878ರವರೆಗಿನ ಮಹಾಕ್ಷಾಮ ಮುಗಿದಿತ್ತು. ಮುಂಬಯಿ ಪ್ರಾಂತದಲ್ಲಿ ಆ ಕ್ಷಾಮದ ಪೆಟ್ಟು ಅತಿ ಹೆಚ್ಚಾಗಿ ಬಿದ್ದ ಜಿಲ್ಲೆಗಳಲ್ಲಿ ಕಲಾದಗಿ ಮುಂಚೂಣಿಯದು. ಮುಂದೆ ಬಿಜಾಪುರವೆಂದು ಹೆಸರು ಪಡೆದ ಆ ಜಿಲ್ಲೆಯ ಜನಸಂಖ್ಯೆ ಹಿಂದಿನ ಗಣತಿಗಿಂತ ಸುಮಾರು ಐದನೆಯ ಒಂದು ಭಾಗದಷ್ಟು ಇಳಿದುಹೋಗಿತ್ತು. ಆ ದುರಂತದ ನಂತರ ನೇಮಕವಾದ ಕ್ಷಾಮ ಆಯೋಗವು ತನ್ನ ವರದಿಯನ್ನು ಸಲ್ಲಿಸಿದ್ದು ಹಳಕಟ್ಟಿಯವರು ಹುಟ್ಟಿದ 1880ರಲ್ಲಿಯೇ. ಆ ವರದಿಯಿಂದಲೇ ಕ್ಷಾಮ ಸಂಹಿತೆಗಳು ಹುಟ್ಟಿಕೊಂಡವು. ಬರ ಬಂದಾಗ ಸರ್ಕಾರ ಏನೇನು ಮಾಡತಕ್ಕದ್ದು, ಕಾಮಗಾರಿ ಯಾವಾಗ ತೆರೆಯಬೇಕು, ಕಂದಾಯ ಯಾವಾಗ ನಿಲ್ಲಿಸಬೇಕು ಎಂಬುದು ಮೊದಲ ಬಾರಿಗೆ ಬರೆಹದಲ್ಲಿ ಬಂದಿತು.

ಬರೆಹದಲ್ಲಿ ಬಂದ ನಿಯಮವು ಸಾಮಾನ್ಯ ಜನರ ಕೈಗೂ ಒಂದು ಹಿಡಿ ಒದಗಿಸುತ್ತದೆ. 1896ರಲ್ಲಿ ಮತ್ತೆ ಬರ ಬಂದಾಗ ಪುಣೆಯ ಸಾರ್ವಜನಿಕ ಸಭೆಯ ಕಾರ್ಯಕರ್ತರು ತಿಲಕರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಹೋಗಿ, ಆ ಸಂಹಿತೆಯಲ್ಲಿ ಇರುವುದೇನು ಎಂಬುದನ್ನು ರೈತರಿಗೆ ಅವರ ಭಾಷೆಯಲ್ಲಿ ತಿಳಿಸಿದರು. ಸರ್ಕಾರಕ್ಕೆ ಅದು ಸಹ್ಯವಾಗಲಿಲ್ಲ. ಸರ್ಕಾರದ್ದೇ ನಿಯಮವನ್ನು ಸರ್ಕಾರದ ಪ್ರಜೆಗಳಿಗೆ ಓದಿ ಹೇಳುವುದೂ ಅಪರಾಧವೆನಿಸುವ ಕಾಲ ಅದಾಗಿತ್ತು. ಅದೇ ವರ್ಷ ಹಳಕಟ್ಟಿಯವರು ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅವರು ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದಾಗ ಆ ನಗರವನ್ನು ಪ್ಲೇಗು ಹೊಕ್ಕಿತ್ತು. 1899–1900ರಲ್ಲಿ ಇನ್ನೊಂದು ಕ್ಷಾಮ. ವಿಜ್ಞಾನ ಪದವಿ 1901ರಲ್ಲಿ, ಕಾನೂನು ಪದವಿ 1904ರಲ್ಲಿ ಮುಗಿಯುವ ಹೊತ್ತಿಗೆ ಈ ಯುವಕ ಕಂಡದ್ದು ಒಂದರ ಹಿಂದೊಂದು ಬಂದ ಬರಗಳನ್ನು.

ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ನಡೆಸಿ ಅವರು ಬಿಜಾಪುರದಲ್ಲಿ ನೆಲೆಸಿದರು. ಧಾರವಾಡದಲ್ಲಿಯೇ ಉಳಿದಿದ್ದರೆ ಬದುಕು ಸುಖಕರವಾಗಿ ಇರುತ್ತಿತ್ತೇನೋ. ಬರದ ಜಿಲ್ಲೆಯ ವಕೀಲನ ಮುಂದೆ ಬರುವ ಕಾಗದಪತ್ರಗಳೆಂದರೆ ಬಹುಮಟ್ಟಿಗೆ ಸಾಲದ ಪತ್ರ, ಗಹಾಣ ಪತ್ರ, ಜಪ್ತಿಯ ಆದೇಶಗಳೇ. ಒಂದು ವರ್ಷ ಮಳೆ ತಪ್ಪಿದರೆ ಸಾವಕಾರನಲ್ಲಿ ಸಾಲ, ಎರಡನೆಯ ವರ್ಷ ತಪ್ಪಿದರೆ ಬಡ್ಡಿಗೆ ಬಡ್ಡಿ, ಮೂರನೆಯ ವರ್ಷಕ್ಕೆ ಹೊಲವೇ ಅವನದು.

ಈ ರೋಗ ಹೊಸದೇನೂ ಆಗಿರಲಿಲ್ಲ. 1860ರ ದಶಕದ ಆರಂಭದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏರಿದ ಬೆಲೆಯ ಭರವಸೆಯ ಮೇಲೆ ಮಾಡಿದ ಸಾಲ ಮಾತ್ರ ಹಾಗೆಯೇ ಉಳಿಯಿತು. ನವಲಗುಂದದ ಎರೆಹೊಲದ ಒಕ್ಕಲಿಗನಿಗೆ ಅಮೆರಿಕವೆಲ್ಲಿ, ಲ್ಯಾಂಕಾಶೈರ್ ಎಲ್ಲಿ? ಆದರೂ ಅವನ ಮನೆಯ ಕಣಜದ ಲೆಕ್ಕ ಅಲ್ಲಿಂದಲೇ ನಿರ್ಣಯವಾಯಿತು. ಮುಂದೆ 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟುಹಾಕಿದರು. ನಾಲ್ಕು ವರ್ಷಗಳ ನಂತರ, 1879ರಲ್ಲಿ, ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ದಂಗೆ ಕಾಯಿದೆಯನ್ನು ತಂದದ್ದು ನಿಜ. ಆದರೆ ಕಾಯಿದೆಯೊಂದರಿಂದಲೇ ಸಾಲ ಸಿಗುವುದಿಲ್ಲ. ಸಾವಕಾರ ಬಾಗಿಲು ಮುಚ್ಚಿದರೆ ಬಿತ್ತುವ ಬೀಜಕ್ಕೆ ಹಣ ಕೊಡುವವರು ಯಾರು?

ಇದಕ್ಕೆ ಉತ್ತರವೂ ಅಂದಿನ ಧಾರವಾಡ ಜಿಲ್ಲೆಯಲ್ಲಿಯೇ ಮೊದಲು ಮೊಳೆಯಿತೆಂಬುದು ನಮ್ಮ ಹೆಮ್ಮೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಯಾದ ಮರುವರ್ಷವೇ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಸಂಘ ಕಟ್ಟಿದರು. ಗ್ರಾಮೀಣ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನೂ ಸಂಘದ ಸಾಲಕ್ಕೆ ಪೂರ್ಣ ಹೊಣೆಗಾರನಾಗಿರಬೇಕೆಂಬುದು ಆ ಕಾಯಿದೆಯ ನಿಯಮ. ಒಬ್ಬನ ನಷ್ಟಕ್ಕೆ ಎಲ್ಲರೂ ಹೆಗಲು ಕೊಡಬೇಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದು ದಾಸೋಹದ ಲೆಕ್ಕಪುಸ್ತಕ.

ಹಳಕಟ್ಟಿಯವರು ಬಿಜಾಪುರದಲ್ಲಿ ಹಿಡಿದದ್ದು ಇದೇ ದಾರಿಯನ್ನು. 1910ರಲ್ಲಿ ಬಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಯಾಯಿತು. ಅದೇ ಇಂದಿನ ಬಿ.ಎಲ್.ಡಿ.ಇ. ಎರಡು ವರ್ಷಗಳ ನಂತರ, 1912ರಲ್ಲಿ, ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಸಾಲ ಕೊಡುವುದಕ್ಕಷ್ಟೇ ಸೀಮಿತವಾಗಿದ್ದ ಸಹಕಾರಿ ಕಾಯಿದೆಯನ್ನು ಸರ್ಕಾರ ವಿಸ್ತರಿಸಿದ್ದೂ ಅದೇ 1912ರಲ್ಲಿ. ಮಾರಾಟ, ಖರೀದಿ, ಉತ್ಪಾದನೆ ಎಲ್ಲಕ್ಕೂ ಸಂಘ ಮಾಡಲು ಆ ಮೇಲೆ ಅವಕಾಶವಾಯಿತು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಒಕ್ಕಲುತನದ ಸಂಘ, ಹತ್ತಿ ಮಾರಾಟದ ಸಂಘ, ನೇಕಾರರ ಸಂಘ, ಬರನಿವಾರಣೆಯ ಸಂಘ ಹೀಗೆ ಒಂದೊಂದೇ ರೂಪುಗೊಂಡವು. ಸಂಘ ಕಟ್ಟುವುದೇ ಅವರಿಗೊಂದು ಗೀಳಾಗಿತ್ತೆಂದು ಈಗಿನವರಿಗೆ ತೋರಬಹುದು. ಆದರೆ ಬೆಲೆ ಕುಸಿತದ ಕಾಲದಲ್ಲಿ ಒಂಟಿ ರೈತನ ಸ್ಥಿತಿಯನ್ನು ಬಲ್ಲವರು ಹಾಗೆ ಹೇಳಲಾರರು. ಸಾಲದ ಕಂತು ತಲೆಯ ಮೇಲಿರುವವನು ಸುಗ್ಗಿಯ ದಿನವೇ ದಲಾಲನು ಹೇಳಿದ ಬೆಲೆಗೆ ಮಾರುತ್ತಾನೆ. ಸಂಘಕ್ಕೆ ಎರಡು ತಿಂಗಳು ಕಾಯುವ ಶಕ್ತಿಯಿರುತ್ತದೆ.

ಸಂಘಕ್ಕೆ ಇನ್ನೊಂದು ಪ್ರಯೋಜನವೂ ಇತ್ತು. ಅದನ್ನು ನಾವು ಬಹಳ ಮುಖ್ಯವೆಂದು ಎಣಿಸುತ್ತೇವೆ. ಸಹಕಾರಿ ಸಂಘದ ಲೆಕ್ಕವನ್ನು ಸರ್ಕಾರದ ಅಧಿಕಾರಿಯೇ ತಪಾಸಣೆ ಮಾಡುತ್ತಿದ್ದನು. ಊರಿನಲ್ಲಿ ಎಷ್ಟು ಜನ ಸಾಲ ಪಡೆದರು, ಎಷ್ಟು ಜನರಿಗೆ ತೀರಿಸಲಾಗಲಿಲ್ಲ, ಯಾವ ವರ್ಷ ಬಾಕಿ ಏರಿತು ಎಂಬುದೆಲ್ಲ ಆ ಪುಸ್ತಕದಲ್ಲಿ ಇರುತ್ತಿತ್ತು. ಒಬ್ಬ ರೈತ ಕಚೇರಿಯಲ್ಲಿ ನಿಂತು ಕಷ್ಟ ಹೇಳಿಕೊಂಡರೆ ಅದು ಅಳಲು. ತಪಾಸಣೆಯಾದ ಲೆಕ್ಕಪುಸ್ತಕ ಅದನ್ನೇ ಹೇಳಿದರೆ ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ.

ಲೆಕ್ಕದ ಮಹತ್ವವನ್ನು ಅರಿಯಲು ಅಂದಿನ ಆಣೆವಾರಿ ಪದ್ಧತಿಯನ್ನು ನೆನೆಯಬೇಕು. ನಮ್ಮ ಹಿರಿಯರಿಗೆ ಈ ಶಬ್ದ ಚಿರಪರಿಚಿತ. ಹದಿನಾರಾಣೆ ಬೆಳೆ ಎಂದರೆ ಪೂರ್ಣ ಬೆಳೆ. ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿಯನ್ನು ಮುಂದೂಡತಕ್ಕದ್ದು ಎಂಬುದು ಮುಂಬಯಿ ಪ್ರಾಂತದ ನಿಯಮ. ಹೊಲದಲ್ಲಿ ಬಂದ ಬೆಳೆ ಮೂರೂವರೆ ಆಣೆಯೋ ಐದಾಣೆಯೋ ಎಂಬ ಒಂದು ಅಂಕಿಯ ಮೇಲೆ ಇಡೀ ಊರಿನ ಎತ್ತು, ಪಾತ್ರೆ, ಹೊಲಗಳ ಭವಿಷ್ಯ ನಿಂತಿರುತ್ತಿತ್ತು. 1918ರ ಖೇಡಾ ಸತ್ಯಾಗ್ರಹವನ್ನು ನಾವು ಗಾಂಧೀಜಿಯವರ ಹೋರಾಟವೆಂದು ಓದುತ್ತೇವೆ. ಅದರ ಮೂಲದಲ್ಲಿದ್ದದ್ದು ಈ ಆಣೆವಾರಿಯ ಜಗಳವೇ. ನಾಲ್ಕಾಣೆಯೂ ಬಂದಿಲ್ಲವೆಂದು ರೈತರು, ಬಂದಿದೆಯೆಂದು ಅಧಿಕಾರಿಗಳು. ಹಳ್ಳಿಹಳ್ಳಿಗೂ ಹೋಗಿ ಬೆಳೆಯ ಲೆಕ್ಕ ಬರೆದುಕೊಂಡ ಮೇಲೆಯೇ ಅಲ್ಲಿ ಸತ್ಯಾಗ್ರಹದ ಪ್ರತಿಜ್ಞೆ ಆದದ್ದು.

ಇಂದು ಆಣೆವಾರಿಯ ಹೆಸರು ಮರೆಯಾಗಿದೆ, ಕೆಲಸ ಮರೆಯಾಗಿಲ್ಲ. ಬೆಳೆವಿಮೆಯ ಪರಿಹಾರವು ನಮ್ಮ ಗ್ರಾಮ ಪಂಚಾಯಿತಿಯ ಹೊಲಗಳಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಅಂಕಿಯ ಮೇಲೆ ನಿಂತಿದೆ. ಆ ಪ್ರಯೋಗ ನಡೆಯುವ ದಿನ ಹೊಲದಲ್ಲಿ ಹಾಜರಿದ್ದು ತೂಕ ನೋಡುವವರು ಊರಿನಲ್ಲಿ ಎಷ್ಟು ಜನ ಎಂಬುದನ್ನು ಭಕ್ತರು ತಾವೇ ಎಣಿಸಿಕೊಳ್ಳಬಹುದು.

ಹಳಕಟ್ಟಿಯವರ ಬದುಕಿನ ಮುಂದಿನ ಘಟ್ಟ ಶಾಸನಸಭೆಯದು. 1919ರ ಸುಧಾರಣೆಗಳ ಮೇರೆಗೆ 1920ರಲ್ಲಿ ಚುನಾವಣೆಗಳು ನಡೆದು, ಅವರು ಮುಂಬಯಿ ಶಾಸನಸಭೆಯ ಸದಸ್ಯರಾದರು. ಅಂದಿನ ಮತದಾನ ಇಂದಿನಂತಿರಲಿಲ್ಲ. ನಿಗದಿಯಾದ ಮಿತಿಗಿಂತ ಹೆಚ್ಚು ಕಂದಾಯ ತೆರುವವರಿಗೆ ಮುಖ್ಯವಾಗಿ ಆ ಹಕ್ಕು ಇತ್ತು. ಕೂಲಿಯವನಿಗೆ, ಸಣ್ಣ ಹಿಡುವಳಿದಾರನಿಗೆ ಮತವಿರಲಿಲ್ಲ. ಪ್ರಾಂತದಲ್ಲಿ ಕನ್ನಡ ಜಿಲ್ಲೆಗಳು ನಾಲ್ಕೇ: ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ. ಮರಾಠಿ, ಗುಜರಾತಿ ಜಿಲ್ಲೆಗಳ ನಡುವೆ ಇವುಗಳ ಧ್ವನಿ ಸಣ್ಣದು. ಅದಕ್ಕಿಂತ ದೊಡ್ಡ ತೊಡಕು ಅಧಿಕಾರದ ಹಂಚಿಕೆಯಲ್ಲಿತ್ತು. ಶಿಕ್ಷಣ, ಒಕ್ಕಲುತನ, ಸಹಕಾರ ಇವು ಸಭೆಗೆ ಹೊಣೆಯಾದ ಮಂತ್ರಿಗಳ ಕೈಯಲ್ಲಿದ್ದವು. ಭೂಕಂದಾಯ, ನೀರಾವರಿ, ಕ್ಷಾಮನಿವಾರಣೆ ಗವರ್ನರರ ಕೈಯಲ್ಲಿಯೇ ಉಳಿದವು. ಬರದ ಜಿಲ್ಲೆಯ ಪ್ರತಿನಿಧಿಗೆ ಯಾವುದು ಅತ್ಯಗತ್ಯವೋ ಅದರ ಮೇಲೆಯೇ ಅಧಿಕಾರವಿಲ್ಲ. ಪ್ರಶ್ನೆ ಕೇಳಬಹುದು, ನಿರ್ಣಯ ಮಂಡಿಸಬಹುದು. ಆ ನಿರ್ಣಯವನ್ನು ಸರ್ಕಾರ ಪಾಲಿಸಲೇಬೇಕೆಂಬ ಕಟ್ಟಿಲ್ಲ.

ಆ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿತ್ತು. ಸರ್ಕಾರ ಹಳಕಟ್ಟಿಯವರಿಗೆ ರಾವ್ ಸಾಹೇಬ, ರಾವ್ ಬಹದ್ದೂರ್ ಬಿರುದುಗಳನ್ನು ಕೊಟ್ಟದ್ದೂ ಉಂಟು. ಬಿರುದುಗಳನ್ನು ಹಿಂದಿರುಗಿಸುವುದೇ ದೇಶಭಕ್ತಿಯೆನಿಸಿದ್ದ ಆ ದಿನಗಳಲ್ಲಿ ಅವರ ದಾರಿ ಬೇರೆಯಾಗಿತ್ತೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಸರ್ಕಾರದ ಒಳಗೆ ಹೋಗಿ ಕೇಳುವುದು ಒಂದು ಮಾರ್ಗ, ಹೊರಗೆ ನಿಂತು ನಿರಾಕರಿಸುವುದು ಇನ್ನೊಂದು. 1928ರಲ್ಲಿ ಬಾರ್ಡೋಲಿಯ ರೈತರು ಎರಡನೆಯದನ್ನು ಹಿಡಿದು, ಶೇ. 22ರಷ್ಟು ಏರಿಸಿದ್ದ ಕಂದಾಯವನ್ನು ತನಿಖೆಗೆ ಒಳಪಡಿಸುವಂತೆ ಮಾಡಿದರು. ತನಿಖಾ ಸಮಿತಿಯು ಏರಿಕೆಯನ್ನು ಸುಮಾರು ಶೇ. 6ಕ್ಕೆ ಇಳಿಸಿತು. ಆ ತನಿಖೆಯಲ್ಲಿಯೂ ಗೆದ್ದುಕೊಟ್ಟದ್ದು ಊರೂರಿನ ಲೆಕ್ಕಪತ್ರಗಳೇ ಎಂಬುದನ್ನು ಗಮನಿಸಬೇಕು. ಹೊರಗಿನ ಹೋರಾಟಕ್ಕೆ ಒಳಗಿನ ಲೆಕ್ಕ ಬೇಕು. ಲೆಕ್ಕ ಮಾತ್ರವಿದ್ದು ಒತ್ತಾಯವಿಲ್ಲದಿದ್ದರೆ ಅದು ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಹಳಕಟ್ಟಿಯವರು ಮೂರನೆಯ ಸಾಧನವಾಗಿ ಮುದ್ರಣವನ್ನು ಹಿಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದಿತು. 1925ರಲ್ಲಿ ಮನೆಯನ್ನು ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿದು ಬಂದಿತು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಶಿವಾನುಭವವನ್ನು ಎಲ್ಲರೂ ಸ್ಮರಿಸುತ್ತಾರೆ. ನವಕರ್ನಾಟಕವನ್ನು ಸ್ಮರಿಸುವವರು ಕಡಿಮೆ. ಒಂದು ಮುದ್ರಣಾಲಯದಿಂದ ಒಬ್ಬನೇ ವ್ಯಕ್ತಿ ಹನ್ನೆರಡನೆಯ ಶತಮಾನದ ಶರಣರ ಅನುಭಾವವನ್ನೂ ಆ ವಾರದ ಸಾರ್ವಜನಿಕ ವಿಷಯವನ್ನೂ ಜನರ ಮುಂದಿಟ್ಟದ್ದು ನಮಗೆ ಬೇರೆಬೇರೆ ಕೆಲಸಗಳಾಗಿ ತೋರುವುದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಅಂದಂದಿನ ಕಾಯಕಕ್ಕೆ ಮೀರಿದ ಅಕ್ಕಿಯನ್ನು ಮಾರಯ್ಯನವರು ತಂದಾಗ ಅದನ್ನು ಮರಳಿ ಕಳಿಸಿದವರು ಆಯ್ದಕ್ಕಿ ಲಕ್ಕಮ್ಮನವರು. ಇಂಥವರ ಮಾತುಗಳನ್ನು ತಾಡೋಲೆಯಿಂದ ಬಿಡಿಸಿ ಬರೆಯುತ್ತಿದ್ದ ವಕೀಲನಿಗೆ ಹಣ, ಸಾಲ, ಕರಗಳ ಮಾತು ಧರ್ಮಕ್ಕೆ ಹೊರಗಿನದೆಂದು ಅನ್ನಿಸಿರಲಾರದು.

ಪತ್ರಿಕೆ ಆರಂಭವಾದ ಎರಡು ವರ್ಷಕ್ಕೆ ಜಗತ್ತಿನ ಮಹಾ ಆರ್ಥಿಕ ಕುಸಿತ ಬಂದಿತು. 1929ರ ಕೊನೆಯಲ್ಲಿ ನ್ಯೂಯಾರ್ಕಿನ ಶೇರುಪೇಟೆ ಕುಸಿದದ್ದರ ಪೆಟ್ಟು ಎರಡು ಮೂರು ವರ್ಷಗಳಲ್ಲಿ ನಮ್ಮ ಅಡತಿ ಅಂಗಡಿಗಳಿಗೆ ಮುಟ್ಟಿ, ಒಕ್ಕಲುತನದ ಪದಾರ್ಥಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಂದಾಯವನ್ನಾದರೋ ಮೂವತ್ತು ವರ್ಷಗಳ ಜಮಾಬಂದಿಯಲ್ಲಿ ರೂಪಾಯಿ ಲೆಕ್ಕದಲ್ಲಿ ನಿಗದಿ ಮಾಡಲಾಗಿತ್ತು. ಮೊದಲು ಎರಡು ಚೀಲ ಜೋಳ ಮಾರಿ ಕಂದಾಯ ಕಟ್ಟುತ್ತಿದ್ದವನು ಈಗ ನಾಲ್ಕು ಚೀಲ ಮಾರಬೇಕಾಯಿತು. ಸಾಲದ ಕಥೆಯೂ ಅದೇ. ಮಳೆ ಬಂದಿದೆ, ಬೆಳೆ ಬಂದಿದೆ, ಆದರೂ ಮನೆಯಲ್ಲಿ ಬರ. ಆಣೆವಾರಿಯ ನಿಯಮ ಬೆಳೆಯ ಕೊರತೆಯನ್ನು ಅಳೆಯುತ್ತಿತ್ತೇ ಹೊರತು ಬೆಲೆಯ ಕೊರತೆಯನ್ನಲ್ಲ. ಇಂದಿನ ಬೆಳೆವಿಮೆಗೂ ಇದೇ ಮಿತಿಯಿದೆ.

ಅಂಕೋಲೆ, ಸಿದ್ದಾಪುರಗಳಲ್ಲಿ ಹಾಗೂ ಅಂದಿನ ಧಾರವಾಡ ಜಿಲ್ಲೆಯ ಹಿರೇಕೆರೂರಿನಲ್ಲಿ ರೈತರು ಕರನಿರಾಕರಣೆಗೆ ಇಳಿದು ಹೊಲಮನೆಗಳನ್ನು ಕಳೆದುಕೊಂಡದ್ದು ಈ ವರ್ಷಗಳಲ್ಲಿಯೇ. ಅವರ ಜಪ್ತಿಯಾದ ಭೂಮಿಯನ್ನು ಮರಳಿಸುವ ಕಾಯಿದೆ 1938ರಲ್ಲಿ ಬಂದಿತು. ಮರುವರ್ಷ ಮುಂಬಯಿ ಕೃಷಿ ಋಣಪರಿಹಾರ ಕಾಯಿದೆ. ಬಿಜಾಪುರ, ಸೊಲ್ಲಾಪುರ, ಬಳ್ಳಾರಿಯ ಹಗರಿಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ತಲೆಯೆತ್ತಿದ್ದೂ 1930ರ ದಶಕದಲ್ಲಿ. ಇವುಗಳಲ್ಲಿ ಯಾವುದನ್ನೂ ಒಬ್ಬರ ಹೆಸರಿಗೆ ಬರೆಯುವುದು ಸರಿಯಲ್ಲ. ಜೈಲಿಗೆ ಹೋದವರು, ಸಭೆಯಲ್ಲಿ ಪ್ರಶ್ನೆ ಕೇಳಿದವರು, ಸಂಘದ ಲೆಕ್ಕ ಬರೆದವರು, ಪತ್ರಿಕೆ ಅಚ್ಚು ಹಾಕಿದವರು ಎಲ್ಲರೂ ಅದರಲ್ಲಿ ಪಾಲುದಾರರು. ಬೆಲೆ ಕುಸಿದದ್ದು 1930ರ ಸುಮಾರಿಗೆ, ಋಣಪರಿಹಾರ ಬಂದದ್ದು 1939ಕ್ಕೆ. ಈ ನಡುವೆ ಕೈತಪ್ಪಿದ ಹೊಲಗಳಿಗೆ ಕಾಯಿದೆ ಬಂದದ್ದರಿಂದ ಏನು ಪ್ರಯೋಜನವಾಯಿತೆಂದು ಕೇಳುವವರಿಗೆ ನಾವು ಏನು ಹೇಳಬಲ್ಲೆವು? ಆ ಅವಧಿಯಲ್ಲಿ ಊರನ್ನು ಹಿಡಿದು ನಿಲ್ಲಿಸಬಹುದಾಗಿದ್ದದ್ದು ಊರಿನದೇ ಸಂಘ.

ನಮ್ಮ ಜಿಲ್ಲೆಯಲ್ಲಿ ಇದರ ಇನ್ನೊಂದು ರೂಪವನ್ನು 1980ರಲ್ಲಿ ಕಂಡೆವು. ಹತ್ತಿಯ ಬೆಲೆ ಕುಸಿದಿದ್ದ ಹೊತ್ತಿನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಸುಧಾರಣಾ ಕರದ ಹೊರೆ ಬಿದ್ದು, ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆಯಿತು, ರೈತರು ಪ್ರಾಣ ತೆತ್ತರು. ಆ ಕರದ ವಸೂಲಿಯಿಂದ ಸರ್ಕಾರ ಹಿಂದೆ ಸರಿಯಬೇಕಾಯಿತು. ಅರ್ಜಿಯನ್ನು ಅರ್ಜಿಯಾಗಿದ್ದಾಗಲೇ ಓದಿದ್ದರೆ ಆ ಜೀವಗಳು ಉಳಿಯುತ್ತಿದ್ದವು. ಇದನ್ನು ಕಾಣಲು ಹಳಕಟ್ಟಿಯವರು ಇರಲಿಲ್ಲ.

ಅವರ ಕೊನೆಯ ದಶಕಗಳು ಬಡತನದಲ್ಲಿಯೇ ಕಳೆದವು. ವಕೀಲಿಯ ಆದಾಯವೆಲ್ಲ ಮುದ್ರಣಾಲಯಕ್ಕೂ ಗ್ರಂಥಪ್ರಕಟಣೆಗೂ ಸಂದಿತು. ಬ್ಯಾಂಕು ಕಟ್ಟಿದವರು ಸ್ವಂತ ಮನೆಯಿಲ್ಲದೆ ಬಾಡಿಗೆ ಮನೆಯಲ್ಲಿ ಇದ್ದರೆಂಬುದನ್ನು ಕೇಳಿದಾಗ ಇಂದಿನ ಯುವಕರು ಆಶ್ಚರ್ಯಪಡುತ್ತಾರೆ. ಮೂರು ದಶಕಗಳಿಗೂ ಮೀರಿ ಶಿವಾನುಭವವನ್ನು ಅವರು ನಿಲ್ಲಗೊಡಲಿಲ್ಲ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ನವೆಂಬರ್ 1ರಂದು ಮುಂಬಯಿಯ ನಾಲ್ಕು ಕನ್ನಡ ಜಿಲ್ಲೆಗಳು ಉಳಿದ ಕನ್ನಡ ಸೀಮೆಗಳೊಡನೆ ಒಂದಾದವು. ಅಷ್ಟು ಹೊತ್ತಿಗೆ ಮತದಾನಕ್ಕೆ ಕಂದಾಯದ ಮಿತಿಯೂ ಹೋಗಿತ್ತು. ಕೂಲಿಯವನಿಗೂ ಮತವಿತ್ತು.

1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನವಿರುವಾಗ, ಅವರು ಲಿಂಗೈಕ್ಯರಾದರು. 1912ರಲ್ಲಿ ಅವರು ಆರಂಭಿಸಿದ ಸಿದ್ಧೇಶ್ವರ ಬ್ಯಾಂಕು ವಿಜಯಪುರದಲ್ಲಿ ಇಂದಿಗೂ ಠೇವಣಿ ಪಡೆದು ಸಾಲ ಕೊಡುತ್ತಿದೆ.